ಹೆಲ್ಸಿಂಕಿ–ಟೋಕಿಯೊ: ದೂರ ಅಷ್ಟೇ ಇದೆ, ಗಂಟೆ ಯಾಕೆ ಜಾಸ್ತಿ ಆಯ್ತು?

ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ನೇರ ದೂರ ಸುಮಾರು 7,800 ಕಿ.ಮೀ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತೆ ಅಂದ್ರೆ ಒಂಬತ್ತು, ಒಂಬತ್ತೂವರೆ ಗಂಟೆ ಸಾಕು. 2022ರ ಫೆಬ್ರವರಿವರೆಗೂ ಸಾಕಾಗ್ತಿತ್ತು. ಈಗ 13 ಗಂಟೆ ಆಸುಪಾಸು ಬೇಕು.

ಊರುಗಳೇನೂ ಜರುಗಿಲ್ಲ. ನೇರ ದಾರಿಯ ಬಹುಪಾಲು ಇರೋದು ರಷ್ಯಾದ ಮೇಲೆ. ಒಂದು ದೇಶದ ಮೇಲಿನ ಆಕಾಶ ಆ ದೇಶದ್ದೇ ಅನ್ನೋದು 1944ರ ಶಿಕಾಗೊ ಒಪ್ಪಂದದ ಮೊದಲ ವಿಧಿ. ಉಕ್ರೇನ್ ಮೇಲೆ ದಾಳಿಯಾದಾಗ ಯುರೋಪಿಯನ್ ಒಕ್ಕೂಟ ರಷ್ಯಾದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಮರುದಿನವೇ ರಷ್ಯಾ ತನ್ನದನ್ನೂ ಮುಚ್ಚಿತು. ಏಷ್ಯಾಕ್ಕೆ ಹತ್ತಿರದ ದಾರಿ ತಮ್ಮದು ಅಂತಲೇ ವ್ಯಾಪಾರ ಕಟ್ಟಿದ್ದ ಫಿನ್‌ಏರ್‌ಗೆ ಇದು ಹೊಟ್ಟೆಗೇ ಬಿದ್ದ ಏಟು. ಈಗ ಅದರ ವಿಮಾನಗಳು ಒಂದೋ ಉತ್ತರ ಧ್ರುವದ ಕಡೆಯಿಂದ, ಇಲ್ಲವೇ ದಕ್ಷಿಣಕ್ಕೆ ಇಳಿದು ಮಧ್ಯ ಏಷ್ಯಾ ಬಳಸಿ ಹೋಗ್ತವೆ. ಇಂಧನ ಜಾಸ್ತಿ, ಹೊಗೆ ಜಾಸ್ತಿ, ಸಿಬ್ಬಂದಿಯ ಪಾಳಿ ಉದ್ದ. ಚೀನಾದ ಕಂಪನಿಗಳಿಗೆ ಈ ತಾಪತ್ರಯ ಇಲ್ಲ, ಅವು ಯುರೋಪಿಗೆ ರಷ್ಯಾದ ಮೇಲಿಂದಲೇ ಹಾರ್ತವೆ. ಯುದ್ಧ ಮಾಡದವರ ಮಧ್ಯೆಯೂ ಲಾಭ-ನಷ್ಟ ಹಂಚಿಹೋಗೋದು ಹೀಗೆ.

ಅಂದಹಾಗೆ, 1983ರಲ್ಲಿ ಫಿನ್‌ಏರ್ ಎಲ್ಲೂ ಇಳಿಯದೆ ಟೋಕಿಯೊಗೆ ಹಾರಲು ಶುರು ಮಾಡಿದಾಗಲೂ ಸೋವಿಯತ್ ಸೈಬೀರಿಯಾದ ದಾರಿ ಸಿಕ್ಕಿರಲಿಲ್ಲ. ಆಗಲೂ ಹೋಗಿದ್ದು ಧ್ರುವದ ಮೇಲಿಂದಲೇ. ಹಿಡಿದಿದ್ದು ಹೆಚ್ಚುಕಮ್ಮಿ ಇದೇ 13 ಗಂಟೆ.