ಮೊದಲ ಮನೆ ಕೊಳ್ಳುವವರಿಗೆ ಬರುವ ನಾಲ್ಕು ಫಾರ್ವರ್ಡ್‌ಗಳು: ಯಾವುದು ನಿಜ, ಯಾವುದು ಸುಳ್ಳು?

ಮನೆ ನೋಡಲು ಶುರು ಮಾಡಿದರೆ ಸಾಕು, ಫ್ಯಾಮಿಲಿ ಗ್ರೂಪ್‌ನಲ್ಲಿ ಸಲಹೆಗಳ ಸುರಿಮಳೆ. ಅವುಗಳಲ್ಲಿ ಕೆಲವು ಬೇರೆ ರಾಜ್ಯಕ್ಕೆ ಸರಿ, ಕೆಲವು ಹಳೆಯ ವರ್ಷಕ್ಕೆ ಸರಿ. ಅವನ್ನೇ ನಂಬಿ ಲೆಕ್ಕ ಹಾಕಿದರೆ ರಿಜಿಸ್ಟ್ರೇಷನ್ ದಿನ ಕೈಸಾಲ ಮಾಡಬೇಕಾದೀತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂಡಲಪಾಳ್ಯದಲ್ಲಿ ಬಾಡಿಗೆಗಿರುವ ಗಂಡ-ಹೆಂಡತಿ, ಇಬ್ಬರೂ ಕೆಲಸದಲ್ಲಿದ್ದಾರೆ, ಮನೆಗೆ ಮಗು ಬರಲಿದೆ. ಕೆಂಗೇರಿ ಕಡೆ ಕಟ್ಟಿ ಮುಗಿದಿರುವ 50 ಲಕ್ಷ ರೂಪಾಯಿಯ ಫ್ಲಾಟ್ ನೋಡಿದ್ದಾರೆ.

1. "ಹೆಂಡತಿ ಹೆಸರಲ್ಲಿ ಮಾಡಿಸಿದರೆ ಮುದ್ರಾಂಕ ಶುಲ್ಕ ಕಡಿಮೆ"

ಕರ್ನಾಟಕದಲ್ಲಿ ಇದು ಸುಳ್ಳು. ದೆಹಲಿಯಂಥ ಕಡೆ ಮಹಿಳೆಯರಿಗೆ ರಿಯಾಯಿತಿ ಇದೆ, ನಮ್ಮಲ್ಲಿ ಇಲ್ಲ. ಇಲ್ಲಿ 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಒಟ್ಟು ಶೇ. 7.6, ಅಂದರೆ 50 ಲಕ್ಷಕ್ಕೆ 3.8 ಲಕ್ಷ.

ಈ ಹಣಕ್ಕೆ ಬ್ಯಾಂಕನ್ನು ನೆಚ್ಚಿಕೊಳ್ಳುವಂತಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದ ಗೃಹಸಾಲ ಮನೆ ಬೆಲೆಯ ಶೇ. 80 ಮೀರುವಂತಿಲ್ಲ. ಇಂಥ ಮನೆಗಳಲ್ಲಿ ಮುದ್ರಾಂಕ, ನೋಂದಣಿ ಖರ್ಚನ್ನು ಆ ಬೆಲೆಗೆ ಸೇರಿಸುವಂತೆಯೂ ಇಲ್ಲ. ಹಾಗಾಗಿ ಸಾಲ 40 ಲಕ್ಷ; ಕೈಯಿಂದ ಹಾಕಬೇಕಾದ್ದು 10 ಲಕ್ಷ ಅಲ್ಲ, 13.8 ಲಕ್ಷ.

2. "ಅಪ್ಪ-ಅಮ್ಮ ಕೊಟ್ಟ ಹಣ 50 ಸಾವಿರ ದಾಟಿದರೆ ಟ್ಯಾಕ್ಸ್"

ಸುಳ್ಳು. 50 ಸಾವಿರದ ಮಿತಿ ಸ್ನೇಹಿತರಂಥ ಹೊರಗಿನವರು ಕೊಟ್ಟ ಹಣಕ್ಕೆ. ತಂದೆ-ತಾಯಿ, ಅತ್ತೆ-ಮಾವ, ಅಜ್ಜ-ಅಜ್ಜಿ, ಒಡಹುಟ್ಟಿದವರು, ಸೋದರಮಾವ, ಚಿಕ್ಕಪ್ಪ ಎಷ್ಟೇ ಉಡುಗೊರೆ ಕೊಟ್ಟರೂ ಪಡೆದವರಿಗೆ ಆದಾಯ ತೆರಿಗೆ ಇಲ್ಲ. ಆದರೆ ಚಿಕ್ಕಪ್ಪನ ಮಗ ಈ ಪಟ್ಟಿಯಲ್ಲಿ ಬರುವುದಿಲ್ಲ.

ಎಚ್ಚರ ಬೇಕಾದ್ದು ನಗದಿನ ವಿಷಯದಲ್ಲಿ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಸಾಲವೆಂದು ಪಡೆಯುವುದಾದರೆ ಮಿತಿ ಇನ್ನೂ ಕಡಿಮೆ, 20 ಸಾವಿರ. ಅಪ್ಪ ಊರಲ್ಲಿ ಸೈಟು ಮಾರಿ ಕೊಟ್ಟರೂ ಹಣ ಬ್ಯಾಂಕ್ ಖಾತೆಯಿಂದ ಖಾತೆಗೇ ಬರಲಿ. ಉಡುಗೊರೆ ಎಂದು ಒಂದು ಪತ್ರ ಬರೆಸಿಟ್ಟುಕೊಳ್ಳಿ. ಸೈಟು ಮಾರಿದ ಲಾಭದ ಮೇಲೆ ತೆರಿಗೆ ಬಂದರೆ ಅದು ಅಪ್ಪನ ಲೆಕ್ಕಕ್ಕೆ.

3. "ಮೊದಲ ಮನೆಯಾದರೆ ಬಡ್ಡಿಗೆ ಇನ್ನೂ 1.5 ಲಕ್ಷ ವಿನಾಯಿತಿ"

ಒಂದು ಕಾಲಕ್ಕೆ ನಿಜ. 2022ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಅದು ಅನ್ವಯ. ಸ್ವಂತ ವಾಸದ ಮನೆಯ ಬಡ್ಡಿಗೆ 2 ಲಕ್ಷದವರೆಗಿನ ಕಡಿತ ಹಳೆಯ ತೆರಿಗೆ ಪದ್ಧತಿಯಲ್ಲಿದೆ, ಹೊಸ ಪದ್ಧತಿಯಲ್ಲಿ ಇಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ. ಕಟ್ಟುವ ತೆರಿಗೆಯೇ ಇಲ್ಲದವರಿಗೆ ಗೃಹಸಾಲದಿಂದ ಉಳಿಯುವುದೇನು? "ಟ್ಯಾಕ್ಸ್ ಉಳಿಸಲು ಮನೆ ತಗೊಳ್ಳಿ" ಎಂಬ ಮಾತು ಹೆಚ್ಚಿನವರಿಗೆ ಈಗ ಹೊಂದುವುದಿಲ್ಲ.

4. "ಹೆರಿಗೆ ರಜೆಯ ಸಂಬಳಕ್ಕೆ ಟ್ಯಾಕ್ಸ್ ಇಲ್ಲ, ಇಎಂಐ ಮುಂದೂಡಬಹುದು"

ಇದನ್ನೂ ನಂಬಬೇಡಿ. ಕಾನೂನಿನ ಪ್ರಕಾರ ಅರ್ಹ ಉದ್ಯೋಗಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಕಂಪನಿ ಕೊಡುವ ಆ ಹಣ ಸಂಬಳವೇ, ತೆರಿಗೆ ಲೆಕ್ಕಕ್ಕೆ ಸೇರುತ್ತದೆ. ಅಪ್ಪನಿಗೆ ರಾಜ್ಯ ಸರ್ಕಾರಿ ನೌಕರಿಯಾದರೆ 15 ದಿನ ರಜೆ. ಖಾಸಗಿ ಕೆಲಸವಾದರೆ ಅದು ಕಂಪನಿಗೆ ಬಿಟ್ಟದ್ದು. ಹೆರಿಗೆಯಾಯಿತೆಂದು ಇಎಂಐ ತಾನಾಗಿ ನಿಲ್ಲುವ ನಿಯಮ ಯಾವುದೂ ಇಲ್ಲ. ಕಂತು ತಪ್ಪಿದರೆ ಸಿಬಿಲ್ ಸ್ಕೋರ್ ಇಳಿಯುತ್ತದೆ.

ಲೆಕ್ಕ ಹಾಕಿ: 40 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಎಂದರೆ ತಿಂಗಳಿಗೆ ಸುಮಾರು 34,700 ರೂಪಾಯಿ. ಬ್ಯಾಂಕ್ ಸಾಲ ಕೊಡುವುದು ಇಬ್ಬರ ಸಂಬಳ ನೋಡಿ. 26 ವಾರ ಮುಗಿದ ಮೇಲೂ ಮಗು ನೋಡಿಕೊಳ್ಳಲು ತಾಯಿ ಆರು ತಿಂಗಳು ಸಂಬಳವಿಲ್ಲದ ರಜೆ ಹಾಕಿದರೆ ಒಂದೇ ಸಂಬಳದಲ್ಲಿ 2.08 ಲಕ್ಷ ಕಟ್ಟಬೇಕು.

ಹಾಗಾದರೆ ಏನು ಮಾಡಬೇಕು?

ಅಡ್ವಾನ್ಸ್ ಕೊಡುವ ಮೊದಲು ಒಂದು ಹಾಳೆಯಲ್ಲಿ ಮೂರು ಮೊತ್ತ ಬರೆಯಿರಿ: ಬೆಲೆಯ ಶೇ. 20, ನೋಂದಣಿ ದಿನದ ಶೇ. 7.6, ಒಂದೇ ಸಂಬಳದ ತಿಂಗಳುಗಳ ಇಎಂಐ. ಈ ಉದಾಹರಣೆಯಲ್ಲಿ ಅದು ಸುಮಾರು 15.9 ಲಕ್ಷ. ಕಟ್ಟುತ್ತಿರುವ ಫ್ಲಾಟ್ ಆದರೆ ಜಿಎಸ್‌ಟಿ ಬೇರೆ. ಹೆಂಡತಿ ಹೆಸರಲ್ಲಿ ಮನೆ ಮಾಡಿಸುವುದು ಒಳ್ಳೆಯದೇ, ಆದರೆ ಅದು ಆಕೆಯ ಹಕ್ಕಿಗಾಗಿ ಇರಲಿ. ಇಲ್ಲದ ರಿಯಾಯಿತಿಯನ್ನು ನಂಬಿ ಬೇಡ.