ಹತ್ತಿ ತುರುಕಿದ ಡಬ್ಬಿ

“ಡಬ್ಬಿ ಸಪ್ಪಳ ಮಾಡ್ತೈತ್ರಿ ಸರ್, ಅದಕ್ಕ ಹತ್ತಿ ತುರುಕೀನಿ.”

ಉಳ್ಳಾಲದ ಕಡಲ ಕಿನಾರೆಯ ಲಾಡ್ಜೊಂದರ ಹಿತ್ತಿಲಲ್ಲಿ, ಒಣಹಾಕಿದ ಬೆಡ್‌ಶೀಟುಗಳ ಮರೆಯಲ್ಲಿ ನಿಂತು ಆತ ಬಿಳಿ ಡಬ್ಬಿಯನ್ನು ನನ್ನ ಕಿವಿಯ ಬಳಿ ಅಲ್ಲಾಡಿಸಿದ. ಸದ್ದೇ ಇಲ್ಲ. ಲೇಬಲನ್ನು ಉಗುರಿನಲ್ಲೇ ಕೆರೆದು ತೆಗೆದಿದ್ದಾನೆ. ಉತ್ತರ ಕರ್ನಾಟಕದ ಹುಡುಗ, ರೂಮ್‌ಬಾಯ್. ಆರು ಮಂದಿ ಮಲಗುವ ಕೋಣೆಯಲ್ಲಿ ವಾಸ. ಹೆಸರು ಬರೆಯುವುದಿಲ್ಲ ಎಂಬ ಮಾತಿನ ಮೇಲೆ ಪರಿಚಯದ ಕೌನ್ಸೆಲರ್ ಒಬ್ಬರು ಭೇಟಿ ಮಾಡಿಸಿದ್ದರು. ನಾನು ಹೋಗಿದ್ದು ಸೋಮೇಶ್ವರದ ಸೂರ್ಯಾಸ್ತದ ಬಗ್ಗೆ ಬರೆಯಲು. ಅದು ಇನ್ನೊಂದು ವಾರಕ್ಕಿರಲಿ.

ಡಬ್ಬಿಯಲ್ಲಿದ್ದದ್ದು ಎಚ್‌ಐವಿಯ ಮಾತ್ರೆ. ಎಚ್‌ಐವಿಯ ಕಥೆ ನಿಮಗೆ ಗೊತ್ತೇ ಇದೆ. 2004ರ ಏಪ್ರಿಲ್ 1ರಿಂದ ಸರ್ಕಾರದ ಉಚಿತ ಎಆರ್‌ಟಿ, ಅಂದರೆ ವೈರಸ್ ಹತ್ತಿಕ್ಕುವ ಔಷಧಿ. 2017ರಿಂದ ರಕ್ತದಲ್ಲಿನ ಸಿಡಿ4 ರೋಗನಿರೋಧಕ ಕಣಗಳ ಎಣಿಕೆ ಎಷ್ಟೇ ಇರಲಿ, ಸೋಂಕು ಕಂಡ ಎಲ್ಲರಿಗೂ ಚಿಕಿತ್ಸೆ. ಮಾತ್ರೆ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕಿಳಿದರೆ ಲೈಂಗಿಕವಾಗಿಯೂ ಹರಡದು. ಅಡುಗೆ, ಹಾಸಿಗೆ, ಈಜುಕೊಳದಿಂದ ಹರಡುವ ಮಾತಂತೂ ಮೊದಲಿನಿಂದಲೂ ಸುಳ್ಳೇ.

ನನಗೆ ಕುತೂಹಲ ಹುಟ್ಟಿಸಿದ್ದು ಎದೆಯುರಿ. ಹೋಟೆಲಿನವರ ಊಟ ಗಿರಾಕಿಗಳ ಊಟ ಮುಗಿದ ಮೇಲೆ, ಎಂದರೆ ಮಧ್ಯಾಹ್ನ ನಾಲ್ಕಕ್ಕೆ. ನಡುವೆ ಚಹಾ, ಮತ್ತೆ ಚಹಾ. ಹಾಗಾಗಿ ಅಡುಗೆಮನೆಯ ಶೆಲ್ಫಿನಲ್ಲಿ ಉಪ್ಪಿನ ಡಬ್ಬದ ಪಕ್ಕ ಪಿಂಕ್ ಆಂಟಾಸಿಡ್ ಬಾಟಲಿ ಕಾಯಂ. ಯಾರು ಬೇಕಾದರೂ ಒಂದು ಮುಚ್ಚಳ ಸುರಿದುಕೊಳ್ಳಬಹುದು. ಈಗಿನ ಎಆರ್‌ಟಿ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್‌ಗೆ ಇದೇ ಬಾಟಲಿ ಶತ್ರು. ಅದರ ಅಲ್ಯುಮಿನಿಯಂ, ಮೆಗ್ನೀಸಿಯಂ ಹೊಟ್ಟೆಯೊಳಗೇ ಔಷಧಿಯನ್ನು ಹಿಡಿದುಕೊಂಡುಬಿಡುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಆಂಟಾಸಿಡ್‌ಗೆ ಎರಡು ತಾಸು ಮೊದಲು, ಇಲ್ಲವೇ ಆರು ತಾಸು ನಂತರ ಮಾತ್ರೆ ನುಂಗಬೇಕು. ಈತನ ಮಾತ್ರೆ ರಾತ್ರಿ ಹತ್ತಕ್ಕೆ. ನಾಲ್ಕು ಗಂಟೆಗೆ ಒಂದು ಮುಚ್ಚಳ ಕುಡಿದರೆ ಲೆಕ್ಕ ಸರಿ. ಭಾನುವಾರದ ಗದ್ದಲದಲ್ಲಿ ಎದೆಯುರಿ ಶುರುವಾಗುವುದೇ ಏಳಕ್ಕೆ! ಹಿಂದಿನ ಔಷಧಿ ಎಫಾವಿರೆನ್ಜ್ ಇದ್ದಾಗ ತಲೆಸುತ್ತು, ಕೆಟ್ಟ ಕನಸು. ರಾತ್ರಿ ಪಾಳಿಯವರಿಗೆ ಇನ್ನೂ ಕಷ್ಟ. ಮಾತ್ರೆಯೇನೋ ಸುಧಾರಿಸಿತು, ಊಟದ ಹೊತ್ತು ಸುಧಾರಿಸಲಿಲ್ಲ.

ರಿಸಾರ್ಟ್‌ಗಳ ಬೋರ್ಡಿನಲ್ಲಿ ‘ವೆಲ್‌ನೆಸ್’ ಎಂದು ಓದಿದಾಗಲೆಲ್ಲ ನನಗೆ ಸಣ್ಣ ಸಂಶಯ. ಅದು ಎಣ್ಣೆ ತಿಕ್ಕಿಸಿಕೊಳ್ಳುವವರಿಗೋ, ತಿಕ್ಕುವವರಿಗೂ ಉಂಟೋ? 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆ ಕೇಳುವಂತಿಲ್ಲ, ಸೋಂಕಿನ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ. ದೂರು ಕೇಳುವ ಅಧಿಕಾರಿಯನ್ನು ನೇಮಿಸಬೇಕಾದ್ದು ಮಾತ್ರ ನೂರು ಅಥವಾ ಹೆಚ್ಚು ಜನರಿರುವ ಕಡೆ. ಈ ಲಾಡ್ಜಿನಲ್ಲಿರುವವರು ಹದಿನಾಲ್ಕು ಮಂದಿ.

ಔಷಧಿಗೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋಗಬೇಕು. ಸ್ಟೇಟ್‌ಬ್ಯಾಂಕ್ ಬಸ್ ಹತ್ತಿದರೆ ದೂರವೇನಲ್ಲ, ಆದರೆ ಅರ್ಧ ದಿನದ ರಜೆ ಬೇಕು. ಆರೋಗ್ಯ ಸ್ಥಿರವಾಗಿರುವವರಿಗೆ ಎರಡು-ಮೂರು ತಿಂಗಳಿನದನ್ನು ಒಟ್ಟಿಗೆ ಕೊಡುವುದುಂಟು. ಮಳೆಗಾಲದಲ್ಲಿ ಲಾಡ್ಜ್ ಖಾಲಿಯಾಗಿ ಊರಿಗೆ ಹೊರಡುವಾಗ ಅದು ಎಷ್ಟು ಅನುಕೂಲ! ಅನುಕೂಲದ ಜೊತೆಗೆ ಮೂರು ಡಬ್ಬಿ, ಮೂರು ಪಟ್ಟು ಹತ್ತಿ.

ನಾವು ಮಾತಾಡುತ್ತಿದ್ದಂತೆ ಅಡುಗೆ ಭಟ್ಟರು ಹೊರಬಂದರು. ಹುಡುಗ ಡಬ್ಬಿಯನ್ನು ದಿಂಬಿನ ಕವರಿಗೆ ಜಾರಿಸಿದ.

“ಇವನದ್ದು ಗಟ್ಟಿ ಹೊಟ್ಟೆ ಮಾರಾಯ್ರೆ,” ಎಂದರು ಭಟ್ಟರು ನನ್ನ ಕಡೆ ತಿರುಗಿ. “ನಾವೆಲ್ಲ ಆ ಪಿಂಕ್ ಬಾಟ್ಲಿ ಕುಡೀತೇವೆ. ಇವ ಸಂಜೆ ಮೇಲೆ ಮುಟ್ಟುದೇ ಇಲ್ಲ. ಜೋಳದ ರೊಟ್ಟಿ ತಿಂದ ಜೀವ ನೋಡಿ!”

ಹುಡುಗ ಎದೆ ನೀವಿಕೊಳ್ಳುತ್ತ ನಕ್ಕ.