‘ಮೈಕ್ ಹೋಗೇತ್ರಿ’ ಅನ್ನುವ ಮೊದಲು

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದೊಡ್ಡಾಟ. ರಾತ್ರಿ ಹತ್ತೂವರೆ. ಪಾತ್ರಧಾರಿಯ ವೇಷ ಕಟ್ಟಿ ಮುಗಿದಿತ್ತು. ಎದೆಯ ಮೇಲೆ ಕಾಲರ್ ಮೈಕ್ ಸಿಕ್ಕಿಸಿ, ಸೊಂಟಕ್ಕೆ ಟ್ರಾನ್ಸ್‌ಮಿಟರ್ ಬಿಗಿದಿದ್ದೆವು. ರಿಸೀವರನ್ನು ಮಿಕ್ಸರಿಗೆ ಹಚ್ಚಿ ಹೆಡ್‌ಫೋನ್ ಹಾಕಿಕೊಂಡರೆ, ಊರ ತುದಿಗೂ ಕೇಳುವ ಆ ಗಡುಸು ದನಿ ಬಾವಿಯ ತಳದಿಂದ ಬಂದ ಹಾಗಿತ್ತು. ಗೇನ್ ತಿರುವಿದಷ್ಟೂ ಸುಂಯ್ ಸದ್ದು ಏರಿತೇ ಹೊರತು ಮಾತು ಏರಲಿಲ್ಲ.

“ಅಣ್ಣಾರ, ಮೈಕ್ ಹೋಗೇತ್ರಿ. ಬ್ಯಾರೆ ಹಚ್ಚೂನು” ಅಂದ ಜೊತೆಗಿದ್ದ ಹುಡುಗ. ಬೇರೆ ಹಚ್ಚಿದೆವು. ಅದೂ ಹಾಗೇ. ರಿಸೀವರಿಗೇ ನೇರ ಇಯರ್‌ಫೋನ್ ಸಿಕ್ಕಿಸಿದರೆ ಮಾತು ಸ್ವಚ್ಛ. ಹಾಗಾದರೆ ಮಿಕ್ಸರೇ ಕೆಟ್ಟಿರಬೇಕು ಅಂದರು ಇನ್ನೊಬ್ಬರು. ಅದಕ್ಕೊಂದು ಕೈಮೈಕು ಹಚ್ಚಿ ನೋಡಿದೆ, ಮಿಕ್ಸರೂ ಚೆನ್ನಾಗಿತ್ತು. ತಪ್ಪಿದ್ದದ್ದು ಎರಡರ ನಡುವಿನ ಒಂದೂವರೆ ಅಡಿ ಕೇಬಲಿನಲ್ಲಿ.

ದನಿ ಬರದಿದ್ದರೆ ಮೈಕ್ ಕೆಟ್ಟಿದೆ ಎಂಬುದು ನಮ್ಮಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ನಾನು ಕಂಡಂತೆ ಮೈಕ್ ಕೆಡುವುದು ಅಪರೂಪ. ಹೆಚ್ಚಿನ ಸಲ ಮೈಕೂ ಮಿಕ್ಸರೂ ಎರಡೂ ಸರಿಯಿದ್ದು, ಒಂದಕ್ಕೊಂದು ಹೊಂದಿಕೆ ಆಗಿರುವುದಿಲ್ಲ.

ಆ ರಾತ್ರಿ ಆದದ್ದನ್ನು ಬಿಡಿಸಿ ಹೇಳುತ್ತೇನೆ. ಚಿಕ್ಕ ವೈರ್‌ಲೆಸ್ ಸೆಟ್ಟಿನ ಸಣ್ಣ ಪಿನ್ನಿನಲ್ಲಿ ಮೂರು ಭಾಗ: ತುದಿ, ನಡುವಿನ ಉಂಗುರ, ಬುಡ. ತುದಿಯಲ್ಲಿ ಎಡಕಿವಿಯ ದನಿ, ಉಂಗುರದಲ್ಲಿ ಬಲಕಿವಿಯದು. ಮೈಕ್ ಒಂದೇ ಆದ್ದರಿಂದ ಎರಡರಲ್ಲೂ ಅದೇ ಮಾತು. ಮಿಕ್ಸರಿನ ಎಕ್ಸ್‌ಎಲ್‌ಆರ್ ಸಾಕೆಟ್ಟಿನಲ್ಲೂ ಮೂರು ಪಿನ್ನಿವೆ, ಆದರೆ ಅವುಗಳ ಕೆಲಸ ಬೇರೆ. ಒಂದನೆಯದು ಗ್ರೌಂಡ್. ಎರಡು ಮತ್ತು ಮೂರನೆಯದರಲ್ಲಿ ಬಂದದ್ದನ್ನು ಮಿಕ್ಸರ್ ಒಂದರಿಂದೊಂದು ಕಳೆಯುತ್ತದೆ. ದಾರಿಯಲ್ಲಿ ಎರಡೂ ತಂತಿಗೆ ಸಮನಾಗಿ ಅಂಟಿಕೊಂಡ ಹೊರಗಿನ ಗದ್ದಲ ಹಾಗೆ ಕಳೆದುಹೋಗಲಿ ಎಂದೇ ಈ ಏರ್ಪಾಡು. ನಮ್ಮ ಕೇಬಲಿನಲ್ಲಿ ತುದಿ ಎರಡನೇ ಪಿನ್ನಿಗೆ, ಉಂಗುರ ಮೂರನೇ ಪಿನ್ನಿಗೆ ಹೋಗಿತ್ತು. ಮಿಕ್ಸರ್ ತನ್ನ ಧರ್ಮದಂತೆ ಮಾತಿನಿಂದ ಅದೇ ಮಾತನ್ನು ಕಳೆದುಬಿಟ್ಟಿತು. ಎಡಬಲಗಳ ನಡುವೆ ಇದ್ದ ಚೂರುಪಾರು ವ್ಯತ್ಯಾಸವೇ ನಮಗೆ ಬಾವಿಯ ದನಿಯಾಗಿ ಕೇಳಿದ್ದು.

ಮೊಬೈಲ್ ಟಾರ್ಚಿನ ಬೆಳಕಲ್ಲಿ ಎಕ್ಸ್‌ಎಲ್‌ಆರ್ ಬಿಚ್ಚಿ, ಮೂರನೇ ಪಿನ್ನಿಗೆ ಬಂದಿದ್ದ ಉಂಗುರದ ತಂತಿಯನ್ನು ಕತ್ತರಿಸಿ ಟೇಪ್ ಸುತ್ತಿದೆ. ಮೂರನೇ ಪಿನ್ನನ್ನು ಚೂರು ತಂತಿಯಿಂದ ಒಂದನೆಯದಕ್ಕೆ ಸೇರಿಸಿದೆ. ಹತ್ತು ನಿಮಿಷದ ಕೆಲಸ. ಆ ಚಾನೆಲ್‌ನಲ್ಲಿ ಫ್ಯಾಂಟಮ್, ಅಂದರೆ ಮಿಕ್ಸರ್ ಮೈಕಿಗೆ ಕೊಡುವ ವಿದ್ಯುತ್ತು, ಆಫ್ ಇದೆಯೇ ಎಂದು ಎರಡು ಸಲ ನೋಡಿದೆ. ಇಲ್ಲದಿದ್ದರೆ 48 ವೋಲ್ಟು ರಿಸೀವರಿನ ಹೊಟ್ಟೆಗೇ ಹೋಗುತ್ತದೆ. ಆಟ ಬೆಳಗಿನ ಜಾವದವರೆಗೆ ನಡೆಯಿತು, ಪೂರ್ತಿ ರೆಕಾರ್ಡ್ ಆಯಿತು. ಪಾತ್ರಧಾರಿಗೆ ಎಪ್ಪತ್ತು ದಾಟಿತ್ತು. ಆ ಪ್ರಸಂಗವನ್ನು ಮತ್ತೆ ಯಾವಾಗ ಕಟ್ಟುತ್ತಾರೋ ಊರವರಿಗೂ ಗೊತ್ತಿರಲಿಲ್ಲ.

ಈ ಸಣ್ಣ ಸಂಗತಿಗಳ ಬಗ್ಗೆ ಇಷ್ಟು ಒತ್ತಿ ಹೇಳುವುದು ಅದಕ್ಕೇ. 2025ರಲ್ಲಿ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು, ಅವರ ತೊಂಬತ್ತು ದಾಟಿದ ವಯಸ್ಸಿನಲ್ಲಿ. ಅಂಥ ಇನ್ನೆಷ್ಟೋ ಹಿರಿಯ ಕಂಠಗಳು ನಮ್ಮ ಕೊಪ್ಪಳ ಜಿಲ್ಲೆಯಲ್ಲಿವೆ. ಅವುಗಳನ್ನು ಹಿಡಿದಿಡಲು ಹೊರಟ ಹುಡುಗರು ಒಂದು ತಪ್ಪು ಕೇಬಲಿನಿಂದ ಬರಿಗೈಲಿ ಬರಬಾರದು.

ಇನ್ನೊಂದು ನಂಬಿಕೆ: “ಫ್ಯಾಂಟಮ್ ಹಾಕಿದ್ರ ಕೈಮೈಕು ಸುಟ್ಟು ಹೊಕ್ಕತಿ.” ಸುಡುವುದಿಲ್ಲ. ಫ್ಯಾಂಟಮ್ ಎರಡು ಮತ್ತು ಮೂರನೇ ಪಿನ್ನುಗಳೆರಡಕ್ಕೂ ಒಂದೇ ಸಮ 48 ವೋಲ್ಟ್ ಕೊಡುತ್ತದೆ, ಪ್ರತಿಯೊಂದಕ್ಕೂ 6.8 ಕಿಲೋಓಮ್ ರೆಸಿಸ್ಟರ್ ದಾಟಿಸಿ. ಕೈಮೈಕು ಸಾಮಾನ್ಯವಾಗಿ ಡೈನಮಿಕ್ ಮೈಕ್, ಅದರ ಸುರುಳಿ ಇರುವುದು ಈ ಎರಡು ಪಿನ್ನುಗಳ ನಡುವೆ. ಎರಡೂ ಕಡೆ ವೋಲ್ಟೇಜ್ ಸಮ ಇದ್ದಾಗ ಸುರುಳಿಯಲ್ಲಿ ಕರೆಂಟ್ ಹರಿಯುವ ಮಾತೇ ಇಲ್ಲ. ಕೇಬಲಿನಲ್ಲಿ ಒಂದು ತಂತಿ ತುಂಡಾಗಿದ್ದರೆ ಅಥವಾ ಗ್ರೌಂಡಿಗೆ ತಾಗಿದ್ದರೆ ಆ ಸಮತೋಲ ತಪ್ಪುತ್ತದೆ. ಆಗ ಹಳೆಯ ರಿಬ್ಬನ್ ಮೈಕುಗಳಿಗೆ ನಿಜವಾಗಿಯೂ ಅಪಾಯ. ಹೆಚ್ಚಿನ ಕಂಡೆನ್ಸರ್ ಮೈಕುಗಳಿಗಂತೂ ಈ ವಿದ್ಯುತ್ತೇ ಉಸಿರು, ಕೊಡದಿದ್ದರೆ ಅವು ಮೂಕ. ಈ 48 ವೋಲ್ಟಿನ ಪದ್ಧತಿ ಬಂದದ್ದು 1966ರಲ್ಲಿ, ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ಬಾನುಲಿಗೆ ಮೈಕ್ ಮಾಡಿಕೊಟ್ಟಾಗ. ಅಲ್ಲಿನ ಸ್ಟುಡಿಯೋದಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಮೊದಲೇ ಇತ್ತು. ಅದನ್ನೇ ಬಳಸಿಕೊಂಡರು.

ಮೂರು ಪಿನ್ನಿದ್ದ ಮಾತ್ರಕ್ಕೆ ಎಲ್ಲ ಮೈಕ್ ಎಲ್ಲ ಮಿಕ್ಸರಿಗೂ ಕೂಡುತ್ತದೆ ಎಂದುಕೊಳ್ಳಬೇಡಿ. ಗಂಗಾವತಿಯ ಗೆಳೆಯರೊಬ್ಬರು ಸಿನಿಮಾದವರು ಬಳಸುವ ಸೆನ್‌ಹೈಸರ್ ಎಂಕೆಎಚ್ 416 ಸೆಕೆಂಡ್ ಹ್ಯಾಂಡ್ ತಂದಿದ್ದರು. ಏನು ಮಾಡಿದರೂ ದನಿ ಇಲ್ಲ. ಮೈಮೇಲೆ ಕೆತ್ತಿದ ಹೆಸರನ್ನು ನೋಡಿದರೆ ಕೊನೆಯಲ್ಲಿ ಟಿ ಅಕ್ಷರ. ಅದು ಟಿ-ಪವರ್ ಮೈಕ್. ಅದಕ್ಕೆ ಬೇಕಾದ 12 ವೋಲ್ಟು ಎರಡು ಮತ್ತು ಮೂರನೇ ಪಿನ್ನುಗಳ ನಡುವೆಯೇ ಸಿಗಬೇಕು. ಫ್ಯಾಂಟಮ್‌ನಲ್ಲಿ ಆ ಎರಡರ ನಡುವೆ ವ್ಯತ್ಯಾಸವೇ ಇಲ್ಲವಲ್ಲ, ಮೈಕ್ ಹೇಗೆ ಏಳಬೇಕು? ಹಳೆಯ ಮಿಕ್ಸರಿನ ಟಿ-ಪವರ್ ಸ್ವಿಚ್ ಹಾಕಿ ಡೈನಮಿಕ್ ಮೈಕ್ ಚುಚ್ಚಿದರೆ ಮಾತ್ರ ಸುರುಳಿಗೆ ನೇರ ಪೆಟ್ಟು. ಕೈಮೈಕು ಸುಡುತ್ತದೆ ಎಂಬ ಹೆದರಿಕೆ ಬಹುಶಃ ಅಲ್ಲಿಂದಲೇ ಹಬ್ಬಿರಬೇಕು.

ಕುಷ್ಟಗಿಯಲ್ಲಿ ಮದುವೆ ವಿಡಿಯೊ ಮಾಡುವ ಹುಡುಗರು ಹೆಚ್ಚಾಗಿ ಕೇಳುವುದು ಮೊಬೈಲಿನ ಕಾಲರ್ ಮೈಕ್ ಬಗ್ಗೆ. ಪಿನ್ನಿನ ಮೇಲಿನ ಕರಿ ಗೆರೆ ಎಣಿಸಿ. ಮೂರಿದ್ದರೆ ಅದು ಫೋನಿನದು, ಎರಡಿದ್ದರೆ ಕ್ಯಾಮೆರಾ, ರೆಕಾರ್ಡರುಗಳದು. ಮೂರು ಗೆರೆಯದನ್ನು ನೇರ ಕ್ಯಾಮೆರಾಕ್ಕೆ ಚುಚ್ಚಿದರೆ ಮೈಕಿನ ತಂತಿ ತಲುಪಬೇಕಾದ ಜಾಗ ತಲುಪುವುದಿಲ್ಲ. ಸಣ್ಣ ಅಡಾಪ್ಟರ್ ಹಾಕಿದರೆ ಮುಗಿಯಿತು.

ಗೇನ್ ವಿಚಾರದಲ್ಲಿ ಇನ್ನೊಂದು ಗೊಂದಲವಿದೆ. ಅದೇ ಗುಂಡಿ ಅಲ್ಲೇ ಇದೆ, ಮೈಕ್ ಬದಲಿಸಿದೊಡನೆ ದನಿ ಒಡೆಯಿತು, ಆದ್ದರಿಂದ ಹೊಸ ಮೈಕ್ ಸರಿಯಿಲ್ಲ ಅನ್ನುತ್ತಾರೆ. ಅಷ್ಟೇ ಸದ್ದಿಗೆ ಶೂರ್ ಎಸ್‌ಎಂ 58 ಸುಮಾರು 1.85 ಮಿಲಿವೋಲ್ಟ್ ಕೊಟ್ಟರೆ 416 ಕೊಡುವುದು 25 ಮಿಲಿವೋಲ್ಟ್. ಹದಿಮೂರು ಪಟ್ಟು ಹೆಚ್ಚು. ಮೈಕ್ ಬದಲಿಸಿದರೆ ಗೇನನ್ನು ಕೆಳಗಿಳಿಸಿ ಹೊಸದಾಗಿ ಏರಿಸಲೇಬೇಕು.

“32 ಬಿಟ್ ಫ್ಲೋಟ್ ರೆಕಾರ್ಡರ್ ತಗೊಂಡೀನ್ರಿ, ಇನ್ನ ಗೇನ್ ನೋಡೋದು ಬ್ಯಾಡ” ಎಂದು ಈಗ ಬಹಳ ಮಂದಿ ನಿಶ್ಚಿಂತರಾಗಿದ್ದಾರೆ. 2019ರಲ್ಲಿ ಬಂದ ಜೂಮ್ ಎಫ್6ನಂಥ ಯಂತ್ರಗಳು ನಿಜಕ್ಕೂ ದೊಡ್ಡ ಉಪಕಾರ ಮಾಡಿವೆ. ಆದರೆ ಮೈಕಿನೊಳಗೇ ಒಡೆದ ದನಿಯನ್ನು, ಕೇಬಲಿನಲ್ಲಿ ಕಳೆದುಹೋದ ದನಿಯನ್ನು ಅವು ತಂದುಕೊಡಲಾರವು. ಕುಕನೂರು, ಯಲಬುರ್ಗಾ ಕಡೆ ಗಾಳಿಯಂತ್ರ ತಿರುಗುವ ಎರೆಹೊಲದಲ್ಲಿ ನಿಂತು ನೋಡಿ. ಗಾಳಿ ಮೈಕಿನ ಪರದೆಯನ್ನೇ ಗುದ್ದುತ್ತದೆ. ಆಮೇಲೆ ತಗ್ಗು ಸದ್ದು ಕತ್ತರಿಸುವ ಲೋ ಕಟ್ ಹಾಕಿ ಏನೂ ಉಪಯೋಗವಿಲ್ಲ. ಮೊದಲೇ ಕೂದಲಿನ ಹೊದಿಕೆ ಹಾಕಬೇಕು.

ಇನ್ನು ದೊಡ್ಡ ಸೌಂಡ್ ಸಿಸ್ಟಮ್‌ನವರಿಂದ ಲೈನ್ ತೆಗೆದುಕೊಳ್ಳುವ ವಿಷಯ. ಕೊಪ್ಪಳದ ಗವಿಮಠದ ಜಾತ್ರೆಯಂಥ ಕಡೆ ಹುಡುಗರಿಗೆ ಇದು ಬೇಕೇ ಬೇಕು. ಅವರ ಮಿಕ್ಸರಿನಿಂದ ಬರುವುದು ಲೈನ್ ಮಟ್ಟ, ಸುಮಾರು 1.23 ವೋಲ್ಟ್. ನಮ್ಮ ಮೈಕ್ ಇನ್‌ಪುಟ್ ಕಾಯುವುದು ಮಿಲಿವೋಲ್ಟಿಗೆ. ಗೇನ್ ಪೂರ್ತಿ ಇಳಿಸಿದರೂ ದನಿ ಕರ್ಕಶವೇ. ಮೆನುವಿನಲ್ಲಿ ಇನ್‌ಪುಟ್ಟನ್ನು ಲೈನ್‌ಗೆ ಬದಲಿಸಬೇಕು, ಆ ಸೌಲಭ್ಯ ಇಲ್ಲದಿದ್ದರೆ ನಡುವೆ ಮಟ್ಟ ಇಳಿಸುವ ಒಂದು ಪ್ಯಾಡ್ ಹಾಕಬೇಕು.

ಆ ಲೈನ್ ಹಚ್ಚಿದೊಡನೆ ಗುಂಯ್ ಎಂಬ ಹಮ್ ಬಂತೆನ್ನಿ. ಆಗ ಯಾರಾದರೊಬ್ಬರು ಹೇಳುತ್ತಾರೆ, “ಪ್ಲಗ್ಗಿನ ದಪ್ಪ ಪಿನ್ ತಗೀರಿ, ನಿಲ್ತತಿ.” ನಿಲ್ಲುವುದು ನಿಜ, ಅದಕ್ಕೇ ಈ ನಂಬಿಕೆ ಸಾಯುತ್ತಿಲ್ಲ. ಎರಡು ಕಡೆ ಅರ್ಥಿಂಗ್ ಸೇರಿ ಒಂದು ಸುತ್ತು ಏರ್ಪಟ್ಟು ಅದರಲ್ಲಿ 50 ಹರ್ಟ್ಸ್ ಕರೆಂಟ್ ಹರಿಯುತ್ತಿರುತ್ತದೆ. ಪಿನ್ ತೆಗೆದರೆ ಸುತ್ತು ಕಡಿಯುತ್ತದೆ. ಅದರ ಜೊತೆಗೇ, ಉಪಕರಣದ ಮೈಗೆ ವಿದ್ಯುತ್ ತಾಗಿದರೆ ನೆಲಕ್ಕೆ ಇಳಿದುಹೋಗುವ ದಾರಿಯೂ ಕಡಿಯುತ್ತದೆ. ನಮ್ಮ ಆಟಗಳಲ್ಲಿ ಕಲಾವಿದರು ಬರಿಗಾಲಲ್ಲಿ ನಿಂತಿರುತ್ತಾರೆ, ಅಂಗಳಕ್ಕೆ ನೀರು ಚಿಮುಕಿಸಿರುತ್ತಾರೆ, ಕೈಯಲ್ಲಿ ಕಬ್ಬಿಣದ ಸ್ಟ್ಯಾಂಡ್. ಒಮ್ಮೆ ಮೃದಂಗದವರೊಬ್ಬರು ಸ್ಟ್ಯಾಂಡ್ ಮುಟ್ಟಿ ಕೈ ಜಾಡಿಸಿಕೊಂಡದ್ದನ್ನು ಕಣ್ಣಾರೆ ಕಂಡ ಮೇಲೆ ನಾನು ಆ ಪಿನ್ ತೆಗೆಯಲು ಯಾರನ್ನೂ ಬಿಟ್ಟಿಲ್ಲ. ಹಮ್ ಹೋಗಲು ನಡುವೆ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಡಬ್ಬಿ ಸಾಕು. ದನಿ ದಾಟುತ್ತದೆ, ತಂತಿಗೆ ತಂತಿ ತಾಗುವುದಿಲ್ಲ. ಆ ಡಬ್ಬಿ ಮರೆತುಬಂದ ದಿನ ನಾವು ಅವರಿಂದ ಲೈನ್ ಕೇಳುವುದೇ ಇಲ್ಲ. ಅವರ ಸ್ಪೀಕರಿನ ಮುಂದೆ ಒಂದು ಮೈಕ್ ನಿಲ್ಲಿಸಿ, ಮಿಕ್ಸರನ್ನು ಬ್ಯಾಟರಿಯ ಮೇಲೆ ಓಡಿಸಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ.